ಮುದ್ದಣನೊಡನೆ ಒಂದು ದಿನ

ನಮ್ಮ ಕವಿಗಳಲ್ಲಿ ಯಾರಾದರೊಬ್ಬರೊಡನೆ ಒಂದು ದಿನವನ್ನು ಕಳೆಯುವ ಅವಕಾಶವು ದೊರೆತುದಾದರೆ ಯಾರನ್ನು ಆರಿಸಿಕೊಳ್ಳಬೇಕು? ಸಾಹಿತ್ಯಪ್ರಿಯರಾದ ಗೆಳೆಯರು ನಾಲ್ವರು ಕಲೆತಲ್ಲಿ ಈ ಪ್ರಶ್ನೆಯು ಒಂದಲ್ಲ ಒಂದು ಸಂಜೆ ಏಳದೆ ಇರುವುದಿಲ್ಲ. ಒಬ್ಬರು ಅರಿಕೇಸರಿಯ ಆಸ್ಥಾನದಲ್ಲಿ ಪಂಪನನ್ನು ಕಾಣಬಯಸುವರು. ಇನ್ನೊಬ್ಬರು ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಪಕ್ಕದಲ್ಲಿ ಕುಳಿತುಕೊಳ್ಳಬಯಸುವರು. ಈ ಬಯಕೆಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅಂಥ ಮಹಾಕವಿಗಳ ಮುಂದೆ ನಾವು ಕೈಮುಗಿದು ನಿಲ್ಲಬಲ್ಲೆವೇ ಹೊರತು ಸಲಿಗೆಯಿಂದ ಮಾತನಾಡಲಾರೆವು. ಒಂದು ದಿನವನ್ನು ಜೊತೆಯಲ್ಲಿ ಕಳೆಯುವುದೆಂದರೆ ಬೆಳಗಿನ ಗಂಜಿಯಿಂದ ರಾತ್ರಿಯ ದೀಪವು ಆರುವವರೆಗೆ ಮಾತಿಗೆ ಮಾತು ಕೊಡುತ್ತಿರುವುದು. ಅಷ್ಟು ಸಲಿಗೆಗೆ ಎಡೆಗೊಡುವ ಕವಿಯನ್ನು ಹುಡುಕಹೊರಟರೆ ನನ್ನ ಕಣ್ಣಿಗೆ ಮೊದಲು ಬೀಳುವವನು ಮುದ್ದಣನು.

ವಾಚಕರು ಬಲ್ಲಂತೆ ಮುದ್ದಣನೆಂಬುದು 'ಶ್ರೀರಾಮಾಶ್ವಮೇಧ'ದಲ್ಲಿ ಕಥೆಯನ್ನು ಹೇಳುವ ಗಂಡನ ಹೆಸರು. ಕೇಳುವ ಹೆಂಡತಿಯು ಮನೋರಮೆ. ಈ ದಂಪತಿಗಳನ್ನು ಸೃಷ್ಟಿಸಿದವರು ನಂದಳಿಕೆಯ ಲಕ್ಷ್ಮೀನಾರಣಪ್ಪನವರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ, ಈಗ ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿಗೆ ಸೇರಿರುವ ನಂದಳಿಕೆಯಲ್ಲಿ ಅವರು ೧೮೭೦ರಲ್ಲಿ ಜನಿಸಿದರು. ಮನೆಯಲ್ಲಿ ಬಡತನ. ಓದಿಗಾಗಿ ಉಡುಪಿಗೆ ಬಂದು, ಮುಂದೆ ವ್ಯಾಯಾಮಶಿಕ್ಷಣದ ತರಬೇತಿಯನ್ನು ಪಡೆದು, ಉಡುಪಿಯಲ್ಲಿ ಹುಡುಗರಿಗೆ ಅಂಗಸಾಧನೆಯನ್ನು ಕಲಿಸುವ ಉಪಾಧ್ಯಾಯರಾದರು. ೧೯೦೧ರ ಫೆಬ್ರವರಿಯಲ್ಲಿ, ಮೂವತ್ತೊಂದು ತುಂಬಿ ತಿಂಗಳು ಕಳೆಯುವಷ್ಟರಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಈ ಅಲ್ಪಾಯುಸ್ಸಿನಲ್ಲಿ 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ' ಎಂಬ ಮೂರು ಕಾವ್ಯಗಳನ್ನೂ, 'ರತ್ನಾವತಿ ಕಲ್ಯಾಣ', 'ಕುಮಾರವಿಜಯ' ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನೂ ರಚಿಸಿದರು. ಮುಂದಿನ ಮಾತುಗಳಲ್ಲಿ ಕಾವ್ಯದೊಳಗಿನ ಮುದ್ದಣನನ್ನು ಏಕವಚನದಿಂದಲೂ ಉಪಾಧ್ಯಾಯರನ್ನು ಬಹುವಚನದಿಂದಲೂ ಕರೆಯುವೆನು. ಇಬ್ಬರಿಗೂ ನಡುವೆ ಇರುವ ಅಂತರವೇ ಈ ಲೇಖನದ ವಿಷಯವೆಂದು ಹೇಳಬಹುದು.

ನಮ್ಮ ದಿನವನ್ನು ೧೮೯೮ರ ಮಳೆಗಾಲದಲ್ಲಿ ಇರಿಸಿಕೊಳ್ಳೋಣ. ಆಗಿನ ಉಡುಪಿಗೆ ಹೋಗುವುದೇ ಒಂದು ಸಾಹಸ. ಮಂಗಳೂರಿಗೆ ರೈಲುದಾರಿಯು ಬಂದುದೇ ೧೯೦೭ರಲ್ಲಿ. ಅದಕ್ಕೆ ಮೊದಲು ಈ ಕರಾವಳಿಯವರಿಗೆ ದೂರದ ಪ್ರಯಾಣವೆಂದರೆ ಒಂದೋ ಕಡಲು, ಇಲ್ಲವೇ ಘಟ್ಟದ ರಸ್ತೆ. ಮಳೆಯು ಹಿಡಿಯಿತೆಂದರೆ ಕಡಲೂ ಮುಚ್ಚುವುದು. ರಥಬೀದಿಯ ಸುತ್ತ ಎಂಟು ಮಠಗಳು, ನಡುವೆ ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಾಲಯಗಳು. ಮಠಗಳಲ್ಲಿ ಸಂಸ್ಕೃತ, ಬೀದಿಯಲ್ಲಿ ತುಳು, ಕಚೇರಿಯ ಮೇಲಧಿಕಾರಿಗಳಲ್ಲಿ ಇಂಗ್ಲಿಷು, ಪಾಠಶಾಲೆಯಲ್ಲಿ ಕನ್ನಡ. ಇಷ್ಟು ಭಾಷೆಗಳ ನಡುವೆ ಒಬ್ಬ ತರುಣ ಉಪಾಧ್ಯಾಯರು ಕೊಡೆಯನ್ನು ಹಿಡಿದುಕೊಂಡು ಶಾಲೆಗೆ ನಡೆಯುತ್ತಿರುವರೆಂದು ಭಾವಿಸಿರಿ. ಹುಡುಗರು ಸಾಲಾಗಿ ನಿಲ್ಲುವರು. ಇಂಗ್ಲಿಷಿನ ಆಜ್ಞೆಗಳಿಗೆ ಸರಿಯಾಗಿ ಕೈಕಾಲುಗಳನ್ನು ಎತ್ತಿ ಇಳಿಸುವರು. ಊರಿನವರ ಕಣ್ಣಿಗೆ ಇವರು ಡ್ರಿಲ್ಲು ಮಾಸ್ತರರು. ಇವರ ಪೆಟ್ಟಿಗೆಯಲ್ಲಿ ಹಳಗನ್ನಡದ ಒಂದು ಗದ್ಯಕಾವ್ಯವು ಬೆಳೆಯುತ್ತಿರುವುದೆಂದು ನಾವು ಹೇಳಿದರೆ ನಗದೆ ಇರುವವರು ವಿರಳ.

ಪಾಠಶಾಲೆಯ ಬಿಡುವಿನಲ್ಲಿ ಅವರೊಡನೆ ಕುಳಿತು ಮೊದಲು ಯಕ್ಷಗಾನದ ಮಾತನ್ನು ಎತ್ತಬೇಕು. ಪತ್ತನಾಜೆಯು ಕಳೆಯಿತೆಂದರೆ ಮೇಳಗಳು ಗೆಜ್ಜೆ ಬಿಚ್ಚುವುವು. ಮಳೆಗಾಲದ ರಾತ್ರಿಗಳಲ್ಲಿ ಮನೆಗಳ ಚಾವಡಿಯಲ್ಲಿ ತಾಳಮದ್ದಲೆಯು ನಡೆಯುವುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದವನ್ನು ಹಾಡಿದ ಮೇಲೆ ಅರ್ಥಧಾರಿಗಳು ಇದಿರುಬದಿರು ಕುಳಿತು ಗದ್ಯದಲ್ಲಿ ವಾದಿಸುವರು. ಒಬ್ಬನು ಎತ್ತಿದ ಮಾತನ್ನು ಇನ್ನೊಬ್ಬನು ಹಿಡಿದು ತಿರುಗಿಸುವನು. ಸಭೆಯು ನಗುವುದು, ತಲೆದೂಗುವುದು. ಈ ಮಾತುಗಾರಿಕೆಯು ಆಶುವಾದುದು. ಪ್ರಸಂಗಗಳನ್ನು ಬರೆದ ಕವಿಗೆ ಇದರ ಹದವು ಚೆನ್ನಾಗಿ ತಿಳಿದಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಮುದ್ದಣ ಮನೋರಮೆಯರ ಸಲ್ಲಾಪವನ್ನು ಓದಿದವರು ಅದರ ಮೂಲವನ್ನು ಸಂಸ್ಕೃತದ ಕಥಾಗ್ರಂಥಗಳಲ್ಲಿ ಹುಡುಕುವುದುಂಟು. ನನಗೆ ತೋರುವ ಮಟ್ಟಿಗೆ ಅದರ ಚುರುಕು ಈ ಚಾವಡಿಯ ಚಾಪೆಯಿಂದ ಬಂದುದು. ಕಥೆಯ ನಡುವೆ ತಡೆದು ಕೇಳುವ ಶ್ರೋತೃವು ನಮ್ಮ ಪುರಾಣಗಳಲ್ಲೆಲ್ಲ ಇರುವನು. ಆದರೆ ಹೇಳುವವನನ್ನು ಹಾಸ್ಯಮಾಡಿ ದಾರಿಗೆ ತರುವ ಶ್ರೋತೃವು ಮನೋರಮೆಯೊಬ್ಬಳೇ.

ಹೊತ್ತು ಇಳಿದ ಮೇಲೆ ಮಾತು ಅಂಚೆಯ ಕಡೆಗೆ ತಿರುಗುವುದು. ಮೈಸೂರಿನಲ್ಲಿ ಎಸ್. ಜಿ. ನರಸಿಂಹಾಚಾರ್ಯರೂ ಎಂ. ಎ. ರಾಮಾನುಜಯ್ಯಂಗಾರ್ಯರೂ ಕೂಡಿ ೧೮೯೨ರಲ್ಲಿ 'ಕರ್ಣಾಟಕ ಕಾವ್ಯಮಂಜರಿ'ಯೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಓಲೆಗರಿಗಳಲ್ಲಿ ಹುದುಗಿದ್ದ ಪ್ರಾಚೀನಕಾವ್ಯಗಳನ್ನು ಶೋಧಿಸಿ ಅಚ್ಚು ಹಾಕುವುದೇ ಅದರ ಉದ್ದೇಶ. ರಾಮಾನುಜಯ್ಯಂಗಾರ್ಯರು ಮುಂದೆ 'ಕರ್ಣಾಟಕ ಕಾವ್ಯಕಲಾನಿಧಿ'ಯನ್ನೂ ನಡೆಸಿದರು. ಈ ಪತ್ರಿಕೆಗಳಿಗೆ ಉಡುಪಿಯಿಂದ ಬಂದ ಹಸ್ತಪ್ರತಿಗಳಲ್ಲಿ ಲಕ್ಷ್ಮೀನಾರಣಪ್ಪನವರ ಕಾವ್ಯಗಳೂ ಇದ್ದುವು. ಆದರೆ ಕಳುಹಿಸಿದವರು ತಾವೇ ಕರ್ತೃಗಳೆಂದು ಹೇಳಲಿಲ್ಲ. ಹಿಂದಿನ ಕವಿಯ ಕೃತಿಯು ತಮಗೆ ದೊರೆಯಿತೆಂದು ಹೇಳಿದರು. ಸಂಪಾದಕರು ನಂಬಿದರು. ಹಳೆಯ ಕಾವ್ಯಗಳ ಸಾಲಿನಲ್ಲಿ ಹೊಸ ಕಾವ್ಯಗಳು ಅಚ್ಚಾದುವು. ಕರ್ತೃವು ತೀರಿಕೊಂಡು ಬಹುಕಾಲವಾದ ಮೇಲೆ, ಅವರ ಆಪ್ತರಿಂದಲೂ ಕರಾವಳಿಯ ವಿದ್ವಾಂಸರಿಂದಲೂ, ಮುದ್ದಣನಾರೆಂಬುದು ನಾಡಿಗೆಲ್ಲ ತಿಳಿಯಿತು.

ಈಗ ನಾವು ಕೇಳಲೇಬೇಕಾದ ಪ್ರಶ್ನೆಯು ಬಂದಿತು: "ಮಾಸ್ತರರೇ, ಇದನ್ನು ಬರೆದವರು ತಾವು. ಹೆಸರನ್ನೇಕೆ ಮರೆಮಾಡಿದಿರಿ?" ಉತ್ತರವನ್ನು ಅವರ ಬಾಯಿಂದ ಹೇಳಿಸುವುದು ನ್ಯಾಯವಲ್ಲ. ಅವರ ಕಾಲವನ್ನು ಕೇಳಿದರೆ ಅದೇ ಹೇಳುವುದು.

ಅದು ಕನ್ನಡಿಗರು ತಮ್ಮ ಹಳೆಯ ಭಂಡಾರವನ್ನು ತೆರೆದು ಬೆರಗಾಗುತ್ತಿದ್ದ ಕಾಲ. ಕಿಟ್ಟೆಲ್ ಸಾಹೇಬರ ಮಹಾಕೋಶವು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದುದು ೧೮೯೪ರಲ್ಲಿ. ರೈಸ್ ಸಾಹೇಬರು 'ಪಂಪಭಾರತ'ವನ್ನು ಪ್ರಕಟಿಸಿದುದು ೧೮೯೮ರಲ್ಲಿ. ಪಾಠಕರು 'ಕವಿರಾಜಮಾರ್ಗ'ವನ್ನು ಬೆಳಕಿಗೆ ತಂದುದೂ ಅದೇ ವರ್ಷ. ಸಾವಿರ ವರ್ಷಗಳ ಹಿಂದಿನ ಗ್ರಂಥವೊಂದು ಸಿಕ್ಕಿತೆಂದರೆ ಪಂಡಿತರಿಗೆ ಹಬ್ಬ. ಹಳಗನ್ನಡದಲ್ಲಿ ಬರೆಯಲು ಅರ್ಹರಾದವರು ಪೂರ್ವಿಕರು, ಓದಲು ಅರ್ಹರಾದವರು ನಾವು, ಎಂಬ ಮನೋಭಾವವು ತಾನಾಗಿಯೇ ಬೆಳೆಯಿತು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಇನ್ನೂ ಹದಿನೇಳು ವರ್ಷಗಳಿದ್ದುವು. ಅಂಥ ಸಮಯದಲ್ಲಿ, ಪದವಿಯಿಲ್ಲದ, ಮೂವತ್ತು ತುಂಬದ, ಮೈಸೂರಿಗೆ ದೂರವಾದ ಊರಿನ ವ್ಯಾಯಾಮೋಪಾಧ್ಯಾಯರೊಬ್ಬರು ತಮ್ಮ ಹೆಸರನ್ನು ಹಾಕಿ ಹಳಗನ್ನಡದ ಕಾವ್ಯವನ್ನು ಕಳುಹಿಸಿದ್ದರೆ ಅದನ್ನು ಕಾವ್ಯವೆಂದು ಓದುತ್ತಿದ್ದವರು ಎಷ್ಟು ಮಂದಿ? ತಪ್ಪುಗಳನ್ನು ಹುಡುಕಲು ಓದುತ್ತಿದ್ದವರೇ ಹೆಚ್ಚು. ಪ್ರಾಚೀನನ ಪ್ರಯೋಗವು ವಿಶೇಷಪ್ರಯೋಗವೆನಿಸುವುದು. ನೆರೆಮನೆಯವನ ಪ್ರಯೋಗವು ಅಪಪ್ರಯೋಗವೆನಿಸುವುದು.

ಇದು ಕನ್ನಡಕ್ಕೇ ಮೀಸಲಾದ ವಿಚಾರವಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಥಾಮಸ್ ಚಾಟರ್ಟನ್ ಎಂಬ ಬಡ ಬಾಲಕನು ತಾನೇ ರಚಿಸಿದ ಕವಿತೆಗಳನ್ನು ಹದಿನೈದನೆಯ ಶತಮಾನದ ರೌಲಿಯೆಂಬ ಸನ್ಯಾಸಿಯವೆಂದು ಹೇಳಿ, ೧೭೬೯ರಲ್ಲಿ ಹೊರೇಸ್ ವಾಲ್ಪೋಲನಿಗೆ ಹಸ್ತಪ್ರತಿಗಳನ್ನು ಕಳುಹಿಸಿದನು. ವಾಲ್ಪೋಲನು ಮೊದಲು ಆದರದಿಂದ ಬರೆದು, ಸಂಶಯವು ಹುಟ್ಟಿದ ಕೂಡಲೆ ಕೈಬಿಟ್ಟನು. ಇದೇ ವಾಲ್ಪೋಲನು ಐದು ವರ್ಷಗಳ ಹಿಂದೆ ತನ್ನ ಕಾದಂಬರಿಯೊಂದನ್ನು ಹಳೆಯ ಇಟಾಲಿಯನ್ ಗ್ರಂಥದ ಭಾಷಾಂತರವೆಂದು ಹೇಳಿ ಅಚ್ಚು ಹಾಕಿಸಿದ್ದನು! ಶ್ರೀಮಂತನಿಗೆ ಅದು ವಿನೋದವಾಯಿತು, ಬಡವನಿಗೆ ಅಪರಾಧವಾಯಿತು. ಚಾಟರ್ಟನನು ೧೭೭೦ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಲಂಡನಿನಲ್ಲಿ ತೀರಿಕೊಂಡನು. ಸರಿಯಾಗಿ ನೂರು ವರ್ಷಗಳಾದ ಮೇಲೆ ನಂದಳಿಕೆಯಲ್ಲಿ ನಮ್ಮ ಕವಿಯು ಹುಟ್ಟಿದರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ನನ್ನ ಅಭಿಪ್ರಾಯವಲ್ಲ. ಚಾಟರ್ಟನನು ಇಲ್ಲದ ಕವಿಯೊಬ್ಬನಿಗೆ ಹೆಸರನ್ನೂ ಚರಿತ್ರೆಯನ್ನೂ ಕಲ್ಪಿಸಿದನು. ಲಕ್ಷ್ಮೀನಾರಣಪ್ಪನವರಾದರೋ ತಮ್ಮ ಬಾಲ್ಯದ ಮುದ್ದಿನ ಹೆಸರನ್ನೇ ಕಾವ್ಯದೊಳಗೆ ಇಟ್ಟು, ಗುರುತಿಸಬಲ್ಲವರು ಗುರುತಿಸಲೆಂದು ಬಾಗಿಲನ್ನು ಅರೆ ತೆರೆದೇ ಇದ್ದರು.

ಅದೇ ಜಿಲ್ಲೆಯಲ್ಲಿ, ಅದೇ ವರ್ಷಗಳಲ್ಲಿ, ಬೇರೊಂದು ದಾರಿಯೂ ತೆರೆದಿತ್ತೆಂಬುದನ್ನು ಇಲ್ಲಿ ಮರೆಯಬಾರದು. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ ಅಚ್ಚಾಯಿತು. ವಿಧವೆಯ ಪುನರ್ವಿವಾಹವನ್ನು ಎತ್ತಿಹಿಡಿದ ಆ ಕಾದಂಬರಿಯು ಹೊಸಗನ್ನಡದಲ್ಲಿ, ಕರ್ತೃವಿನ ಹೆಸರಿನೊಡನೆಯೇ ಬಂದಿತು. ಹೊಸ ವಿಷಯಕ್ಕೆ ಹೊಸ ಭಾಷೆಯು ಸಾಕೆನಿಸಿತು. ರಾಮಕಥೆಗೆ ಮಾತ್ರ ಹಳೆಯ ಗೌರವವು ಬೇಕೆನಿಸಿತು. ಮುದ್ದಣನ ಕವಿಯ ಕಷ್ಟವಿದ್ದುದು ಇಲ್ಲಿಯೇ: ಭಾಷೆಯು ಹಳೆಯದು, ದೃಷ್ಟಿಯು ಹೊಸದು.

ಆ ಹೊಸತನವನ್ನು ಕಾಣಲು ರಾತ್ರಿಯವರೆಗೆ ಕಾಯಬೇಕು. ಹೊರಗೆ ಮಳೆಯು ಸುರಿಯುತ್ತಿದೆ. ಉಪಾಧ್ಯಾಯರು ಕಾಗದಗಳನ್ನು ಬಿಚ್ಚಿ ಓದತೊಡಗುವರು. ಕಾವ್ಯದಲ್ಲಿಯೂ ಅದೇ ಮಳೆಗಾಲ. ರಾಜನ ಬಳಿಯಿಂದ ದಣಿದು ಬಂದ ಗಂಡನನ್ನು ಮನೋರಮೆಯು ಉಪಚರಿಸಿ, ಹೊತ್ತು ಕಳೆಯಲು ಒಂದು ಕಥೆಯನ್ನು ಹೇಳೆನ್ನುವಳು. ಯಾವ ರಾಮಾಯಣವೆಂದು ಚರ್ಚೆಯಾಗುವುದು. ಪದ್ಯವು ಬೇಡ, ಗದ್ಯವೇ ಇರಲೆಂದು ಅವಳು ತೀರ್ಪು ಕೊಡುವಳು. ಗಂಡನು ಸಂಸ್ಕೃತ ಸಮಾಸಗಳನ್ನು ಪೇರಿಸಿ ಆರಂಭಿಸಿದರೆ ಅರ್ಥವಾಗದೆಂದು ತಡೆಯುವಳು. ಎರಡು ಭಾಷೆಗಳನ್ನು ಹಿತವಾಗಿ ಬೆರೆಸುವ ಒಪ್ಪಂದಕ್ಕೆ ಅವನನ್ನು ತರುವಳು. ಹೀಗೆ ನಮ್ಮ ಭಾಷಾಶೈಲಿಯ ಒಂದು ದೊಡ್ಡ ವಿವಾದವು ಪಂಡಿತರ ಸಭೆಯಲ್ಲಿ ತೀರ್ಮಾನವಾಗದೆ ಮನೆಯ ಜಗಲಿಯಲ್ಲಿ, ಗೃಹಿಣಿಯ ಮಾತಿನಿಂದ ತೀರ್ಮಾನವಾಗುವುದು. ಕವಿಯ ಪಾಂಡಿತ್ಯವನ್ನು ಹೆಂಡತಿಯು ತಿದ್ದುವ ಈ ಪ್ರಸಂಗವನ್ನು ಹಳೆಯ ಕಾವ್ಯವೆಂದು ಓದಿದವರಿಗೆ ಸಂಶಯವೇ ಹುಟ್ಟಲಿಲ್ಲವೇ ಎಂದು ಆಶ್ಚರ್ಯವಾಗುವುದು. ಲಕ್ಷ್ಮೀನಾರಣಪ್ಪನವರನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆದವರು ಈ ಸ್ವರವನ್ನೇ ಕೇಳಿ ಹಾಗೆ ಕರೆದಿರಬೇಕು.

ಆದರೆ ಓದನ್ನು ಕೇಳುತ್ತಿರುವಾಗ ಮನಸ್ಸು ಇನ್ನೊಂದು ಕಡೆಗೂ ಎಳೆಯುವುದು. ಕಾವ್ಯದೊಳಗಿನ ಮುದ್ದಣನಿಗೆ ಒಬ್ಬ ರಾಜನಿರುವನು. ಉಪಾಧ್ಯಾಯರಿಗೆ ಯಾವ ರಾಜನೂ ಇಲ್ಲ. ಮುದ್ದಣನ ಕಥೆಗೆ ಒಬ್ಬಳು ರಸಿಕಳಾದ ಕೇಳುಗಳಿರುವಳು. ಉಪಾಧ್ಯಾಯರ ಕಥೆಯನ್ನು ಅವರದೆಂದು ತಿಳಿದು ಕೇಳಿದವರು ಕೆಲವೇ ಆಪ್ತರು. ಜೀವನವು ಕೊಡದೆ ಇದ್ದ ಆಸ್ಥಾನವನ್ನೂ ಸಭೆಯನ್ನೂ ಅವರು ಕಾವ್ಯದಲ್ಲಿ ತಾವೇ ಕಟ್ಟಿಕೊಂಡರೆಂದು ಹೇಳಬೇಕು.

ದೀಪವು ಆರುವ ಮುನ್ನ ನಾವು ಅವರಿಗೆ ಏನನ್ನು ತಿಳಿಸಬಹುದು? ಇನ್ನು ಮೂರು ಮಳೆಗಾಲಗಳು ಅವರಿಗಿಲ್ಲವೆಂಬುದನ್ನು ಹೇಳುವಷ್ಟು ಕಠಿಣರು ನಾವಾಗಬಾರದು. ಮಕ್ಕಳ ಪಠ್ಯಪುಸ್ತಕಗಳಲ್ಲಿ ಮುದ್ದಣ ಮನೋರಮೆಯರ ಸಲ್ಲಾಪವು ಸೇರಿತೆಂದೂ, ಗಂಡಹೆಂಡಿರ ಸರಸಕ್ಕೆ ಕನ್ನಡಿಗರು ಇವರಿಬ್ಬರ ಹೆಸರನ್ನೇ ಉದಾಹರಿಸುವರೆಂದೂ ಹೇಳಬಹುದು. ಅದನ್ನು ಕೇಳಿ ಅವರು ಸಂತೋಷಪಡುವರು. ಸಂತೋಷಪಟ್ಟು, ನಮ್ಮನ್ನೇ ಒಂದು ಪ್ರಶ್ನೆ ಕೇಳಿಯಾರು: ನನ್ನ ಹೆಸರನ್ನು ಮೊದಲೇ ಹಾಕಿದ್ದರೆ ನೀವು ಓದುತ್ತಿದ್ದಿರೇ? ಇದಕ್ಕೆ ಥಟ್ಟನೆ ಹೌದೆನ್ನುವುದು ಸುಲಭ. ಅದನ್ನು ಪ್ರಾಮಾಣಿಕವಾಗಿ ಹೇಳುವುದು ಸುಲಭವಲ್ಲ. ಸಂಪಾದಕರನ್ನು ದೂಷಿಸಿ ಪಾರಾಗುವುದಕ್ಕೂ ಬರುವುದಿಲ್ಲ. ಅವರಾದರೂ ಕಾವ್ಯವನ್ನು ಅಚ್ಚು ಹಾಕಿ ಉಳಿಸಿದರು.

ಪ್ರಾಚೀನರನ್ನು ಗೌರವಿಸುವುದು ಸಾಹಿತ್ಯಸಂಘಗಳ ಕರ್ತವ್ಯವೆಂಬುದು ನಿಜ. ಅಂತೆಯೇ, ನಮ್ಮ ನಮ್ಮ ತಾಲ್ಲೂಕುಗಳ ಶಾಲೆಗಳಲ್ಲಿ, ಅಂಗಡಿಗಳಲ್ಲಿ, ಕಚೇರಿಗಳಲ್ಲಿ ದುಡಿಯುತ್ತ ರಾತ್ರಿಯ ಹೊತ್ತು ಬರೆಯುತ್ತಿರುವವರು ಈಗಲೂ ಇರುವರು. ಅವರು ಕಳುಹಿಸಿದ ಬರಹವು ಕೈಗೆ ಬಂದಾಗ ಕೊನೆಯಲ್ಲಿರುವ ಹೆಸರನ್ನೂ ಉದ್ಯೋಗವನ್ನೂ ಮೊದಲು ನೋಡುವ ಅಭ್ಯಾಸವನ್ನು ಬಿಟ್ಟು, ಮೊದಲನೆಯ ವಾಕ್ಯದಿಂದ ಓದುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು. ಮೆಚ್ಚಿದರೆ ಬರೆದವರಿಗೆ ಒಂದು ಕಾಗದವನ್ನು ಬರೆಯಬೇಕು. ಮೆಚ್ಚದಿದ್ದರೆ ಕಾರಣವನ್ನು ತಿಳಿಸಬೇಕು. ಉಡುಪಿಯ ಉಪಾಧ್ಯಾಯರಿಗೆ ಆಗ ಬೇಕಾಗಿದ್ದುದು ಅದಕ್ಕಿಂತ ಹೆಚ್ಚಿನದೇನೂ ಅಲ್ಲ.