ಎಮ್ಡನ್ನಿನ ಇಂಧನ ಹಡಗುಗಳು: 1914ರ ಮದ್ರಾಸು ದಾಳಿಯ ಒಂದು ಮಗ್ಗುಲು

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ಎಂಬ ಲಘು ಕ್ರೂಸರ್ ಮದ್ರಾಸು ಬಂದರಿನ ಮೇಲೆ ನಡೆಸಿದ ದಾಳಿ ದಕ್ಷಿಣ ಭಾರತದ ಆಧುನಿಕ ಚರಿತ್ರೆಯಲ್ಲಿ ಸುಪರಿಚಿತವಾದುದು. ಅಂದು ಮದ್ರಾಸು ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳ ಕನ್ನಡಿಗರಿಗೂ ಆಡಳಿತ ಕೇಂದ್ರವಾಗಿದ್ದುದರಿಂದ ಈ ಘಟನೆ ಕನ್ನಡನಾಡಿನ ಚರಿತ್ರೆಗೆ ಹೊರತಾದುದಲ್ಲ. ದಾಳಿಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಕಪ್ತಾನ ಕಾರ್ಲ್ ಫಾನ್ ಮ್ಯುಲರನ ಸಾಹಸವನ್ನು ವರ್ಣಿಸುತ್ತವೆ. ಆ ಸಾಹಸಕ್ಕೆ ಆಧಾರವಾಗಿದ್ದ ಇಂಧನ ಹಡಗುಗಳ ಸೇವೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಮ್ಡನ್ ಕಲ್ಲಿದ್ದಲಿನಿಂದ ನಡೆಯುವ ನೌಕೆ. ಅದರ ಉಗ್ರಾಣದಲ್ಲಿ ಹಿಡಿಯುತ್ತಿದ್ದುದು ಸುಮಾರು 800 ಟನ್ ಮಾತ್ರ. ಹಿಂದೂ ಮಹಾಸಾಗರದ ಪ್ರಮುಖ ಬಂದರುಗಳೆಲ್ಲ ಬ್ರಿಟಿಷರ ಮತ್ತು ಅವರ ಮಿತ್ರರ ಹಿಡಿತದಲ್ಲಿದ್ದುವು. ತಟಸ್ಥ ದೇಶಗಳ ಬಂದರುಗಳಲ್ಲಿ ಯುದ್ಧನೌಕೆ ಪಡೆಯಬಹುದಾದ ಇಂಧನಕ್ಕೆ ಅಂತಾರಾಷ್ಟ್ರೀಯ ನಿಯಮಗಳ ಮಿತಿಯಿತ್ತು. ಆದುದರಿಂದ ಆಗಸ್ಟ್ ಮಧ್ಯಭಾಗದಲ್ಲಿ ಪೆಸಿಫಿಕ್‌ನ ಪಾಗಾನ್ ದ್ವೀಪದಿಂದ ಹೊರಟಾಗ ಮ್ಯುಲರನು ಮಾರ್ಕೊಮಾನಿಯಾ ಎಂಬ ಸರಕುಹಡಗನ್ನು ಜೊತೆಯಲ್ಲಿ ಕರೆತಂದನು. ಕಲ್ಲಿದ್ದಲನ್ನು ಚೀಲಗಳಲ್ಲಿ ತುಂಬಿ ಒಂದು ಹಡಗಿನಿಂದ ಇನ್ನೊಂದಕ್ಕೆ ಸಾಗಿಸುವುದು ನಾವಿಕರ ಮೈಮುರಿಯುವ ದುಡಿಮೆಯಾಗಿತ್ತು. ಆ ಅವಧಿಯಲ್ಲಿ ಶತ್ರುವಿನ ಕೈಗೆ ಸಿಕ್ಕಿಬೀಳುವ ಭಯವೂ ಇತ್ತು.

ಸೆಪ್ಟೆಂಬರ್ 10ರ ಸುಮಾರಿಗೆ ಬಂಗಾಳ ಕೊಲ್ಲಿಯಲ್ಲಿ ಪೊಂಟೊಪೊರೊಸ್ ಎಂಬ ಗ್ರೀಕ್ ಹಡಗು ಸೆರೆಯಾಯಿತು. ಅದರಲ್ಲಿ ಸುಮಾರು 6,500 ಟನ್ ಭಾರತೀಯ ಕಲ್ಲಿದ್ದಲಿತ್ತು. ಆದರೆ ಆ ಕಲ್ಲಿದ್ದಲು ದಟ್ಟವಾದ ಹೊಗೆಯುಗುಳುವಂತಹುದು. ದಿಗಂತದಲ್ಲಿ ಏಳುವ ಹೊಗೆ ಮರೆಯಲ್ಲಿ ಸಂಚರಿಸಬೇಕಾದ ನೌಕೆಯ ಇರವನ್ನು ದೂರದಿಂದಲೇ ಸಾರಿಬಿಡುತ್ತದೆ. ಹೀಗೆ ಇಂಧನದ ಪರಿಮಾಣದಷ್ಟೇ ಅದರ ಗುಣವೂ ನಿರ್ಣಾಯಕವಾಗಿತ್ತು.

ಮದ್ರಾಸಿನಲ್ಲಿ ಎಮ್ಡನ್ ಗುರಿಯಿಟ್ಟುದೂ ಇಂಧನಕ್ಕೇ ಎಂಬುದು ಗಮನಾರ್ಹ. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಬಂದರನ್ನು ಸಮೀಪಿಸಿದ ನೌಕೆ ಅರ್ಧ ಗಂಟೆಯೊಳಗೆ ಸುಮಾರು 125 ಗುಂಡುಗಳನ್ನು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ತೈಲದ ತೊಟ್ಟಿಗಳು ಹೊತ್ತಿ ಉರಿದವು. ಕನಿಷ್ಠ ಐವರು ಮಡಿದರು. ಭಯಗ್ರಸ್ತರಾದ ಜನ ನಗರವನ್ನು ತೊರೆಯತೊಡಗಿದರು. ಅದೇ ವರ್ಷ ಬ್ರಿಟಿಷ್ ಸರ್ಕಾರ ತನ್ನ ನೌಕಾಪಡೆಯ ತೈಲಕ್ಕಾಗಿ ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿಯ ಬಹುಪಾಲು ಷೇರುಗಳನ್ನು ಪಡೆದಿತ್ತು. ಆ ಕಂಪನಿಯನ್ನು 1909ರಲ್ಲಿ ಹುಟ್ಟುಹಾಕಿದುದು ಇದೇ ಬರ್ಮಾ ಆಯಿಲ್. ಕಲ್ಲಿದ್ದಲಿನ ಯುಗ ಮುಗಿದು ತೈಲದ ಯುಗ ಕಣ್ದೆರೆಯುತ್ತಿದ್ದ ಸಂಧಿಕಾಲವನ್ನು ಮದ್ರಾಸಿನ ಬೆಂಕಿ ಸೂಚಿಸುತ್ತದೆ.

ದಾಳಿಯ ಅನಂತರ, ಸೆಪ್ಟೆಂಬರ್ 27ರಂದು, ಬ್ಯುರೆಸ್ಕ್ ಎಂಬ ಬ್ರಿಟಿಷ್ ಹಡಗು ಸಿಕ್ಕಿತು. ಬ್ರಿಟಿಷ್ ನೌಕಾಪಡೆಗೆಂದು ಸಾಗುತ್ತಿದ್ದ ಸುಮಾರು 6,600 ಟನ್ ಉತ್ಕೃಷ್ಟ ವೇಲ್ಸ್ ಕಲ್ಲಿದ್ದಲು ಅದರಲ್ಲಿತ್ತು. ಮುಂದಿನ ಆರು ವಾರಗಳ ದಾಳಿಗಳಿಗೆ ಶತ್ರುವಿನ ಈ ಇಂಧನವೇ ಬಹುಮಟ್ಟಿಗೆ ಆಧಾರ. ಅಕ್ಟೋಬರ್‌ನಲ್ಲಿ ಸುಮಾತ್ರಾದ ಬಳಿ ಬ್ರಿಟಿಷ್ ಕ್ರೂಸರ್ ಯಾರ್ಮತ್ ಮಾರ್ಕೊಮಾನಿಯಾವನ್ನು ಮುಳುಗಿಸಿ ಪೊಂಟೊಪೊರೊಸನ್ನು ವಶಪಡಿಸಿಕೊಂಡಿತು. ನವೆಂಬರ್ 9ರಂದು ಕೊಕೊಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ಸಿಡ್ನಿ ನೌಕೆಯ ಹೊಡೆತಕ್ಕೆ ಎಮ್ಡನ್ ನಾಶವಾಯಿತು. ಅದೇ ದಿನ ಬ್ಯುರೆಸ್ಕಿನಲ್ಲಿದ್ದ ಜರ್ಮನ್ನರು ಅದು ಶತ್ರುವಶವಾಗದಂತೆ ತಾವೇ ಮುಳುಗಿಸಿದರು.

ಇಂದಿಗೂ ತಮಿಳಿನ ಆಡುಮಾತಿನಲ್ಲಿ ಎಮ್ಡನ್ ಎಂದರೆ ಎದೆಗಾರ, ಚತುರ ಎಂದರ್ಥ. ಚೆನ್ನೈ ಉಚ್ಚ ನ್ಯಾಯಾಲಯದ ಆವರಣದ ಗೋಡೆಯಲ್ಲಿ ದಾಳಿಯ ಸ್ಮಾರಕ ಫಲಕವಿದೆ. ಮಾರ್ಕೊಮಾನಿಯಾ, ಬ್ಯುರೆಸ್ಕ್‌ಗಳ ಹೆಸರು ಮಾತ್ರ ಜನರ ನಾಲಿಗೆಯ ಮೇಲೆ ನಿಲ್ಲಲಿಲ್ಲ. ನಮ್ಮ ವೀರಗಲ್ಲುಗಳಲ್ಲಿಯೂ ಕಾದಿ ಮಡಿದವನಿಗೆ ದೊರೆತ ಸ್ಥಾನ ಅವನಿಗೆ ಬುತ್ತಿ ಹೊತ್ತವನಿಗೆ ದೊರೆಯುವುದು ವಿರಳ. ಕಾವ್ಯಕ್ಕೆ ಇದು ಸಲ್ಲಬಹುದು, ಚರಿತ್ರೆಗೆ ಸಲ್ಲದು. ಒಂದು ನೌಕೆ ಎಲ್ಲಿಗೆ ಹೋಯಿತು, ಎಷ್ಟು ಕಾಲ ಬಾಳಿತು ಎಂಬುದನ್ನು ಅರಿಯಲು ಫಿರಂಗಿಗಳ ಎಣಿಕೆಗಿಂತ ಕಲ್ಲಿದ್ದಲಿನ ಲೆಕ್ಕವೇ ಹೆಚ್ಚು ನೆರವಾಗುತ್ತದೆ. ಕರಾವಳಿಯ ಯುದ್ಧಕಾಲೀನ ಚರಿತ್ರೆಯನ್ನು ಅಭ್ಯಸಿಸುವವರು ಬಂದರುಗಳ ಸರಕು ದಾಖಲೆಗಳತ್ತ ಹೊರಳುವುದು ಅಗತ್ಯ.