ಒಂದು ಸಾಲು ಕೆಳಗೆ

ಹೋದ ತಿಂಗಳು ಆಫೀಸಿನಲ್ಲಿ ನನ್ನದೊಂದು ಇಡೀ ಶುಕ್ರವಾರ ಹಾಳಾಯಿತು. ಕಾರಣ ಕೇಳಿದರೆ ನಗ್ತೀರ. ಒಂದು ಫೈಲಿನ ಮೊದಲ ಸಾಲಿನಲ್ಲಿ ಕಾಲಂಗಳ ಹೆಸರಿತ್ತು, ಪ್ರೋಗ್ರಾಂ ಅದನ್ನೂ ಡೇಟಾ ಅಂತ ಓದಿಕೊಂಡುಬಿಟ್ಟಿತ್ತು. ಅಲ್ಲಿಂದ ಮುಂದಕ್ಕೆ ಎಲ್ಲ ಲೆಕ್ಕವೂ ಒಂದೊಂದು ಸಾಲು ಕೆಳಗೆ ಜಾರಿ, ಇವರ ಬಿಲ್ಲು ಅವರ ಹೆಸರಿಗೆ, ಅವರದು ಇನ್ಯಾರದೋ ಹೆಸರಿಗೆ. ಬರೆದವನು ನಾನೇ :) ಪುಣ್ಯಕ್ಕೆ ಟೆಸ್ಟಿಂಗ್ ನೋಡಿಕೊಳ್ಳುವ ಗೆಳತಿ ಹಿಡಿದುಹಾಕಿದಳು.

ನಮ್ಮಲ್ಲಾದರೆ ಒಂದಷ್ಟು ಬೈಗುಳ ತಿಂದು, ಕಾಫಿ ಕುಡಿದು ಸರಿಮಾಡಿದರೆ ಮುಗಿಯಿತು. ಆದರೆ ಇದೇ ತಪ್ಪು ಕ್ಯಾನ್ಸರ್ ರೋಗಿಗಳಿಗೆ ಔಷಧಿ ಆರಿಸುವ ಸಂಶೋಧನೆಯಲ್ಲಿ ಆಗಿದ್ದ ಕಥೆಯೊಂದಿದೆ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ, ಆ ಶುಕ್ರವಾರ ಮತ್ತೆ ನೆನಪಾಯಿತು.

ಮೊದಲು ಹಿನ್ನೆಲೆ. ಕೀಮೋಥೆರಪಿ ಎಲ್ಲರಿಗೂ ಒಂದೇ ರೀತಿ ಹಿಡಿಸುವುದಿಲ್ಲ. ನಮ್ಮ ದೊಡ್ಡಮ್ಮನಿಗೆ ಕೀಮೋ ಶುರುವಾದಾಗ "ಈ ಔಷಧಿ ಇವರಿಗೆ ಕೆಲಸ ಮಾಡುತ್ತಾ ಸಾರ್?" ಅಂತ ಕೇಳಿದ್ದೆ. ಡಾಕ್ಟರು ಪ್ರಾಮಾಣಿಕವಾಗಿ "ಎರಡು ಸೈಕಲ್ ಕೊಟ್ಟು ಸ್ಕ್ಯಾನ್ ಮಾಡಿ ನೋಡೋಣಪ್ಪ" ಅಂದಿದ್ದರು. ಆ "ನೋಡೋಣ"ದೊಳಗೆ ಕೂದಲು ಉದುರುತ್ತದೆ, ವಾಂತಿ ಇರುತ್ತದೆ, ಹೋದರೆ ಮತ್ತೆ ಬರದ ವಾರಗಳಿರುತ್ತವೆ. ಗಡ್ಡೆಯ ಜೀನುಗಳನ್ನು ನೋಡಿ ಯಾವ ಔಷಧಿ ಹಿಡಿಸುತ್ತದೆ ಅಂತ ಮೊದಲೇ ಹೇಳುವಂತಿದ್ದರೆ?

2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು ಹೇಳಬಹುದು ಅಂದಿತು. ಲ್ಯಾಬಿನ ಹಿರಿಯರು ಜೋಸೆಫ್ ನೆವಿನ್ಸ್, ಲೇಖನದ ಮೊದಲ ಹೆಸರು ಅನಿಲ್ ಪೊಟ್ಟಿ ಎಂಬ ಭಾರತೀಯ ಮೂಲದ ಯುವ ವೈದ್ಯರದು. ಪ್ರಕಟವಾದದ್ದು 'ನೇಚರ್ ಮೆಡಿಸಿನ್'ನಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬಳಿ 60 ಬಗೆಯ ಕ್ಯಾನ್ಸರ್ ಕೋಶಗಳ ಸಂಗ್ರಹವಿದೆ. ಯಾವ ಔಷಧಿಗೆ ಯಾವ ಕೋಶ ಸಾಯುತ್ತದೆ, ಯಾವುದು ಜಗ್ಗುವುದಿಲ್ಲ ಅನ್ನುವ ಮಾಹಿತಿ ಎಲ್ಲರಿಗೂ ಮುಕ್ತ. ಸಾವಿರಾರು ಜೀನುಗಳ ಚಟುವಟಿಕೆಯನ್ನು ಒಂದೇ ಸಲ ಅಳೆಯುವ ಮೈಕ್ರೋಅರೇ ಚಿಪ್ಪುಗಳೂ ಆಗ ಬಂದಿದ್ದವು. ಸಾಯುವ ಕೋಶಗಳನ್ನು ಒಂದು ಕಡೆ, ಜಗ್ಗದವನ್ನು ಇನ್ನೊಂದು ಕಡೆ ಇಟ್ಟು, ಎರಡಕ್ಕೂ ವ್ಯತ್ಯಾಸವಿರುವ ಜೀನುಗಳನ್ನು ಹುಡುಕಿ, ಅದೇ ಗುರುತನ್ನು ರೋಗಿಯ ಗಡ್ಡೆಯಲ್ಲಿ ನೋಡುವುದು. ಐಡಿಯಾ ಚೆನ್ನಾಗಿದೆ ಅಲ್ವಾ? ಎಲ್ಲರಿಗೂ ಹಾಗೇ ಅನ್ನಿಸಿತು.

ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರಿಗೂ ಅನ್ನಿಸಿತು. ತಮ್ಮ ರೋಗಿಗಳಿಗೂ ಇದನ್ನು ಬಳಸೋಣ, ಸ್ವಲ್ಪ ನೋಡಿ ಹೇಳಿ ಅಂತ ತಮ್ಮಲ್ಲೇ ಇದ್ದ ಬಯೋಇನ್‌ಫರ್ಮ್ಯಾಟಿಕ್ಸ್‌ನವರನ್ನು ಕೇಳಿದರು. ಕೀತ್ ಬ್ಯಾಗರ್ಲಿ ಸಂಖ್ಯಾಶಾಸ್ತ್ರದವರು, ಕೆವಿನ್ ಕೂಂಬ್ಸ್ ಗಣಿತದಿಂದ ಬಂದವರು. ಇಬ್ಬರೂ ಇಂಥದ್ದಕ್ಕೆ ಹೊಸಬರಲ್ಲ. 2002ರಲ್ಲಿ ಒಂದು ಹನಿ ರಕ್ತದಿಂದ ಅಂಡಾಶಯದ ಕ್ಯಾನ್ಸರ್ ಪತ್ತೆಮಾಡುತ್ತೇವೆ ಅಂತ 'ಲ್ಯಾನ್ಸೆಟ್'ನಲ್ಲಿ ಲೇಖನ ಬಂದಿತ್ತು: 50 ರೋಗಿಗಳಲ್ಲಿ 50 ಜನರೂ ಸರಿಯಾಗಿ ಸಿಕ್ಕಿದ್ದರು! ಆ ವ್ಯತ್ಯಾಸ ಕಾಯಿಲೆಯಿಂದಲ್ಲ, ಸ್ಯಾಂಪಲ್‌ಗಳನ್ನು ಮೆಷಿನ್ನಿಗೆ ಹಾಕಿದ ರೀತಿಯಿಂದಲೂ ಬಂದಿರಬಹುದು ಅಂತ ತೋರಿಸಿದವರಲ್ಲಿ ಇವರಿದ್ದರು.

ಡ್ಯೂಕ್ ಲೇಖನದಲ್ಲಿ ಲೆಕ್ಕ ಮಾಡಿದ ವಿಧಾನದ ವಿವರ ಅಷ್ಟಕ್ಕಷ್ಟೆ. ಹಾಗಾಗಿ ಉತ್ತರ ಹಿಡಿದುಕೊಂಡು ಹಿಂದಕ್ಕೆ ನಡೆಯಬೇಕಾಯಿತು. ಯಾವ ಕೋಶಗಳನ್ನು ತೆಗೆದುಕೊಂಡಿದ್ದರೆ ಈ ಜೀನುಗಳ ಪಟ್ಟಿ ಬರುತ್ತಿತ್ತು? ಹಾಕಿ ನೋಡಿದರೆ ಬರಲಿಲ್ಲ. ಕೊನೆಗೊಮ್ಮೆ ತಮ್ಮ ಪಟ್ಟಿಯನ್ನೂ ಡ್ಯೂಕ್ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟಾಗ ಗೊತ್ತಾಯಿತು, ಹಲವು ಔಷಧಿಗಳ ಪಟ್ಟಿಯಲ್ಲಿ ಪ್ರತಿಯೊಂದು ಹೆಸರೂ ಸರಿಯಾಗಿ ಒಂದು ಸಾಲು ಜಾರಿದೆ. ಹೆಡರ್ ಸಾಲು!! ನನ್ನ ಶುಕ್ರವಾರವೇ. ಲೇಖನದಲ್ಲಿ ಇಂಥ ಜೀನಿನಿಂದ ಇಂಥ ಔಷಧಿ ಹಿಡಿಸುವುದಿಲ್ಲ ಅಂತ ಬರೆದಿದ್ದರೆ, ನಿಜವಾಗಿ ಲೆಕ್ಕ ಹೇಳುತ್ತಿದ್ದದ್ದು ಪಕ್ಕದ ಸಾಲಿನ ಯಾವುದೋ ಜೀನಿನ ಕಥೆ.

2007ರ ನವೆಂಬರಿನಲ್ಲಿ ಇದನ್ನು ಅದೇ ಪತ್ರಿಕೆಗೆ ಪತ್ರವಾಗಿ ಬರೆದರು. ಡ್ಯೂಕ್‌ನವರು ಸಣ್ಣಪುಟ್ಟ ತಪ್ಪು, ಒಟ್ಟು ವಿಧಾನ ಸರಿಯಿದೆ ಅಂದರು. ಸಣ್ಣದು ಅಲ್ಲಿಗೇ ನಿಂತಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಇನ್ನೊಂದು ಡೇಟಾದಲ್ಲಿ ಒಂದೇ ಸ್ಯಾಂಪಲ್ ಹಲವು ಸಲ ಬಂದಿತ್ತು, ಒಂದು ಕಡೆ 'ಔಷಧಿ ಹಿಡಿಸುತ್ತದೆ', ಇನ್ನೊಂದು ಕಡೆ 'ಹಿಡಿಸುವುದಿಲ್ಲ' ಎಂಬ ಚೀಟಿಯೊಂದಿಗೆ. ಸಿಸ್ಪ್ಲಾಟಿನ್ ಔಷಧಿಯ ಪಟ್ಟಿಯಲ್ಲಿ ಅವರದೇ ಸಾಫ್ಟ್‌ವೇರಿನಿಂದ ಹುಟ್ಟದ ನಾಲ್ಕು ಹೆಸರುಗಳಿದ್ದವು. ಅದರಲ್ಲಿ ಎರಡಂತೂ ಅವರು ಬಳಸಿದ ಚಿಪ್ಪಿನ ಮೇಲೆ ಇರಲೇ ಇಲ್ಲ! ಪೆಮೆಟ್ರೆಕ್ಸೆಡ್ ಎಂಬ ಶ್ವಾಸಕೋಶದ ಕ್ಯಾನ್ಸರಿನ ಔಷಧಿಗೆ ಸೊನ್ನೆ-ಒಂದರ ಗುರುತು ತಲೆಕೆಳಗಾಗಿತ್ತು. ಅಂದರೆ ಈ ಪರೀಕ್ಷೆ ನಂಬಿದರೆ ಔಷಧಿ ಯಾರಿಗೆ ಹಿಡಿಸುವುದಿಲ್ಲವೋ ಅವರಿಗೇ ಕೊಟ್ಟಂತೆ.

2009ರ ಮಧ್ಯದಲ್ಲಿ ಅವರಿಗೆ ತಿಳಿದ ವಿಷಯ ಕೇಳಿ. ಇದೇ ಲೆಕ್ಕ ನಂಬಿಕೊಂಡು 2007ರಿಂದಲೇ ಡ್ಯೂಕ್‌ನಲ್ಲಿ ರೋಗಿಗಳ ಮೇಲೆ ಪ್ರಯೋಗಗಳು ನಡೆಯುತ್ತಿದ್ದವು, ಎರಡು ಶ್ವಾಸಕೋಶದ ಕ್ಯಾನ್ಸರಿಗೆ, ಒಂದು ಸ್ತನ ಕ್ಯಾನ್ಸರಿಗೆ. ಅಲ್ಲಿಯವರೆಗೆ ಎರಡು ತಂಡಗಳ ವಾದವಾಗಿದ್ದದ್ದು ಈಗ ವಾದವಲ್ಲ. ಗಡಿಬಿಡಿಯಲ್ಲಿ ಬರೆದ ಲೇಖನವನ್ನು ಒಂದು ಜೀವವಿಜ್ಞಾನ ಪತ್ರಿಕೆ ತುಂಬಾ ನಕಾರಾತ್ಮಕವಾಗಿದೆ ಅಂತ ಬೇಡ ಅಂದಿತು. ಕೊನೆಗೆ ಅಚ್ಚಾದದ್ದು 'ಆನಲ್ಸ್ ಆಫ್ ಅಪ್ಲೈಡ್ ಸ್ಟಾಟಿಸ್ಟಿಕ್ಸ್'ನಲ್ಲಿ. ಕ್ಯಾನ್ಸರ್ ಡಾಕ್ಟರುಗಳು ಅದನ್ನು ಓದುತ್ತಾರೆಯೇ ಅಂತ ಕೇಳಬೇಡಿ. ತಮ್ಮ ಕೆಲಸಕ್ಕೆ ಅವರಿಟ್ಟ ಹೆಸರು 'ಫೊರೆನ್ಸಿಕ್ ಬಯೋಇನ್‌ಫರ್ಮ್ಯಾಟಿಕ್ಸ್', ಶವಪರೀಕ್ಷೆಯ ಹಾಗೆ. ಸಾಮಾನ್ಯವಾಗಿ ಆಗುವ ತಪ್ಪುಗಳೆಲ್ಲ ಸರಳ ತಪ್ಪುಗಳೇ ಅಂತ ಅದರಲ್ಲಿ ಬರೆದಿದ್ದಾರೆ.

2009ರ ಅಕ್ಟೋಬರಿನಲ್ಲಿ ಪ್ರಯೋಗಗಳು ನಿಂತವು. ಡ್ಯೂಕ್ ಹೊರಗಿನ ಪರಿಣತರಿಂದ ಪರಿಶೀಲನೆ ಮಾಡಿಸಿತು. ಆ ಹೊತ್ತಿಗೆ ಬ್ಯಾಗರ್ಲಿ ಹೊಸ ಡೇಟಾದಲ್ಲೂ ಗುರುತುಗಳು ತಪ್ಪಿವೆ ಅಂತ ಇನ್ನೊಂದು ವರದಿ ಕಳಿಸಿದ್ದರು. ಅದು ಪರಿಣತರ ಕೈಗೆ ಹೋಗಲೇ ಇಲ್ಲ! ಪರಿಣತರು ಸರಿ ಅಂದರು, 2010ರ ಆರಂಭದಲ್ಲಿ ಪ್ರಯೋಗಗಳು ಮತ್ತೆ ಶುರು. ನನಗೆ ಈ ಇಡೀ ಕಥೆಯಲ್ಲಿ ಕಳ್ಳತನಕ್ಕಿಂತ ಹೆಚ್ಚು ಸಿಟ್ಟು ಬರುವುದು ಇಲ್ಲಿ. ಕೋಡ್ ರಿವ್ಯೂಗೆ ಕೊಟ್ಟು ಬಗ್ ರಿಪೋರ್ಟ್ ಮುಚ್ಚಿಟ್ಟಂತೆ.

ಕೊನೆಗೆ ಎಲ್ಲ ಬಿದ್ದದ್ದು ಯಾವುದರಿಂದ ಗೊತ್ತಾ? ಜೀನಿನಿಂದಲ್ಲ, ಗಣಿತದಿಂದಲ್ಲ. 2010ರ ಜುಲೈನಲ್ಲಿ 'ದಿ ಕ್ಯಾನ್ಸರ್ ಲೆಟರ್' ಎಂಬ ಸಣ್ಣ ವಾರಪತ್ರಿಕೆ, ಪೊಟ್ಟಿ ತಮ್ಮ ಅರ್ಜಿಗಳಲ್ಲಿ ರೋಡ್ಸ್ ಸ್ಕಾಲರ್ ಅಂತ ಹಾಕಿಕೊಂಡಿದ್ದು ಸುಳ್ಳು ಅಂತ ಬರೆಯಿತು. ಮೂರು ವರ್ಷದ ಲೆಕ್ಕಾಚಾರ ಅಲ್ಲಾಡಿಸದ್ದನ್ನು ರೆಸ್ಯೂಮಿನ ಒಂದು ಸಾಲು ಉರುಳಿಸಿತು. 30ಕ್ಕೂ ಹೆಚ್ಚು ಸಂಖ್ಯಾಶಾಸ್ತ್ರಜ್ಞರು ಪ್ರಯೋಗ ನಿಲ್ಲಿಸಿ ಅಂತ ಕ್ಯಾನ್ಸರ್ ಸಂಸ್ಥೆಯ ನಿರ್ದೇಶಕ ಹೆರಾಲ್ಡ್ ವಾರ್ಮಸ್‌ಗೆ ಪತ್ರ ಬರೆದರು. ನೆವಿನ್ಸ್ ಆಗಷ್ಟೇ ಮೂಲ ಡೇಟಾ ತೆಗೆದು ನೋಡಿ, ಲೇಖನಗಳನ್ನು ಹಿಂತೆಗೆಯಲು ತಾವೇ ಮುಂದಾದರು. ನವೆಂಬರಿನಲ್ಲಿ ಪೊಟ್ಟಿ ರಾಜೀನಾಮೆ. 2011ರ ಜನವರಿಯಲ್ಲಿ ನೇಚರ್ ಮೆಡಿಸಿನ್ ಲೇಖನ ವಾಪಸ್. ಅಷ್ಟರಲ್ಲಿ ನೂರಕ್ಕೂ ಹೆಚ್ಚು ರೋಗಿಗಳು ಆ ಪ್ರಯೋಗಗಳಿಗೆ ಸೇರಿದ್ದರು.

ಎಲ್ಲವೂ ಬರೀ ಹೆಡರ್ ಸಾಲಿನ ತಪ್ಪಲ್ಲ ಅಂತಲೂ ಆಮೇಲೆ ತಿಳಿಯಿತು. 2015ರಲ್ಲಿ ಅಮೆರಿಕ ಸರ್ಕಾರದ ಸಂಶೋಧನಾ ಪ್ರಾಮಾಣಿಕತೆಯ ಕಚೇರಿ ಪೊಟ್ಟಿ ಸುಳ್ಳು ಡೇಟಾ ಕೊಟ್ಟಿದ್ದರು ಅಂತ ಹೇಳಿತು. (ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.) ಒಂದು ಅನುದಾನದ ಅರ್ಜಿಯಲ್ಲಿ 33 ರೋಗಿಗಳಲ್ಲಿ 6 ಜನರಿಗೆ ಔಷಧಿ ಹಿಡಿಸಿತು ಅಂತಿತ್ತು. ಸೇರಿದ್ದವರು ನಾಲ್ಕೇ ಜನ, ಒಬ್ಬರಿಗೂ ಹಿಡಿಸಿರಲಿಲ್ಲ.

ಟೀಮ್ ನಡೆಸುವುದು ಅಂದಾಗಲೆಲ್ಲ ನನಗೆ ನೆನಪಾಗುವವರು ಬ್ಯಾಗರ್ಲಿ, ಕೂಂಬ್ಸ್ ಮಾತ್ರವಲ್ಲ. ಡ್ಯೂಕ್ ಲ್ಯಾಬಿನಲ್ಲೇ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಇದ್ದ. 2008ರಲ್ಲೇ, ಅಂದರೆ ಎಲ್ಲ ಬಯಲಾಗುವುದಕ್ಕೆ ಎರಡು ವರ್ಷ ಮೊದಲೇ, ನಮ್ಮ ಲೆಕ್ಕ ನಂಬುವಂತಿಲ್ಲ ಅಂತ ಹಿರಿಯರಿಗೆ ಬರೆದುಕೊಟ್ಟಿದ್ದ. ಲೇಖನಗಳಿಂದ ತನ್ನ ಹೆಸರು ತೆಗೆಸಿಕೊಂಡ. ವಿಶ್ವವಿದ್ಯಾಲಯ ಅದನ್ನು ತನಿಖೆಗೆ ಒಯ್ಯಲಿಲ್ಲ. ಅವನು ಲ್ಯಾಬ್ ಬಿಟ್ಟು, ಸಂಶೋಧನೆಯ ಆ ವರ್ಷವನ್ನು ಬೇರೆ ಕಡೆ ಮೊದಲಿಂದ ಮಾಡಿದ. ಅವನ ಪತ್ರ ಹೊರಜಗತ್ತಿಗೆ ಗೊತ್ತಾದದ್ದು 2015ರ ಜನವರಿಯಲ್ಲಿ, ಪ್ರಯೋಗಗಳು ಮುಚ್ಚಿ ನಾಲ್ಕು ವರ್ಷ ದಾಟಿದ ಮೇಲೆ.