ಖಾಸಗಿ ಜಮೀನಿನ ಮಣ್ಣಿನ ಒಡ್ಡು, ಮದಕ ಮತ್ತು ವಿಹಾರ ಕೊಳಗಳು: ಒಡೆತನ ಹಾಗೂ ಸುರಕ್ಷತೆ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಗುಡ್ಡದ ಇಳಿಜಾರಿನಲ್ಲಿ ಮಣ್ಣಿನ ಒಡ್ಡು ಹಾಕಿ ಮಳೆನೀರನ್ನು ತಡೆಯುವ ಮದಕಗಳು ಹಾಗೂ ಮಳೆಗಾಲದ ನಂತರ ತೋಡುಗಳಿಗೆ ಅಡ್ಡಲಾಗಿ ಹಾಕುವ ಕಟ್ಟಗಳು ಈ ಭಾಗದಲ್ಲಿ ಹಿಂದಿನಿಂದಲೂ ರೂಢಿಯಲ್ಲಿವೆ. ಕಟ್ಟವನ್ನು ಮುಂಗಾರಿಗೆ ಮುನ್ನ ತೆಗೆಯಲಾಗುತ್ತದೆ. ಆದರೆ ತೋಟದ ಮನೆ, ಹೋಂಸ್ಟೇಗಳಲ್ಲಿ ಈಜು ಮತ್ತು ದೋಣಿವಿಹಾರಕ್ಕಾಗಿ ನಿರ್ಮಿಸಿದ ಒಡ್ಡು ಮಳೆಗಾಲದಲ್ಲಿಯೂ ತುಂಬಿಯೇ ಇರುವುದರಿಂದ ಹೆಚ್ಚಿನ ಎಚ್ಚರಿಕೆ ಅಗತ್ಯ.

1. ಒಡೆತನ

ಅ) ಪಟ್ಟಾ ಜಮೀನಿನೊಳಗೆ ನಿರ್ಮಿಸಿದ ಒಡ್ಡು ಭೂಮಾಲೀಕರಿಗೆ ಸೇರಿರುತ್ತದೆ, ಅದರ ನಿರ್ವಹಣೆಯ ಹೊಣೆಯೂ ಅವರದೇ.

ಆ) ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ, ಅನ್ಯರ ಸ್ವತ್ತಲ್ಲದ ನದಿ, ಹಳ್ಳ, ತೊರೆ, ಕೆರೆಗಳು ಸರ್ಕಾರದ ಸ್ವತ್ತಾಗಿರುತ್ತವೆ. ಇವುಗಳಿಗೆ ಅಡ್ಡಲಾಗಿ ಒಡ್ಡು ಹಾಕುವ ಮುನ್ನ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ಪಡೆಯತಕ್ಕದ್ದು.

ಇ) ಕುಮ್ಕಿ ಜಮೀನು ಸರ್ಕಾರದ್ದಾಗಿದ್ದು, ವರ್ಗದಾರರಿಗೆ ಸೊಪ್ಪು, ಸೌದೆ ಮುಂತಾದ ಸೌಲಭ್ಯ ಮಾತ್ರ ಇರುತ್ತದೆ. ಕೊಳದ ಒಂದು ದಂಡೆ ಕುಮ್ಕಿಯಲ್ಲಿದ್ದಲ್ಲಿ ಆ ಭಾಗವು ಮಾಲೀಕರದ್ದಾಗುವುದಿಲ್ಲ.

ಈ) ಕೃಷಿ ಜಮೀನನ್ನು ವಾಣಿಜ್ಯ ವಿಹಾರಕ್ಕೆ ಬಳಸುವುದಾದಲ್ಲಿ 95ನೇ ಪ್ರಕರಣದಡಿ ಭೂಪರಿವರ್ತನೆ ಅವಶ್ಯ.

2. ಕೆಳಭಾಗದವರ ಹಕ್ಕು ಮತ್ತು ಮಾಲೀಕರ ಹೊಣೆ

ಸಹಜವಾಗಿ ಹರಿಯುವ ತೊರೆಯ ನೀರು ತಡೆಯಿಲ್ಲದೆ ತಮ್ಮ ಜಮೀನಿಗೆ ಬರುವ ಹಕ್ಕನ್ನು ಕೆಳಭಾಗದವರಿಗೆ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮ, 1882ರ 7ನೇ ಪ್ರಕರಣವು ಮಾನ್ಯ ಮಾಡುತ್ತದೆ.

ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021 ಹದಿನೈದು ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಹಾಗೂ ಕೆಲವು ಷರತ್ತುಗಳಿಗೊಳಪಟ್ಟು 10ರಿಂದ 15 ಮೀಟರ್ ಎತ್ತರದವುಗಳಿಗೆ ಅನ್ವಯಿಸುತ್ತದೆ. ಸಣ್ಣ ಒಡ್ಡುಗಳು ಇದರ ವ್ಯಾಪ್ತಿಗೆ ಬಾರದಿದ್ದರೂ ಮಾಲೀಕರ ಹೊಣೆ ತಪ್ಪುವುದಿಲ್ಲ. ಖಾಸಗಿ ಜಲಾಶಯದ ನೀರು ನೆರೆಯ ಗಣಿಗೆ ನುಗ್ಗಿದ ಪ್ರಕರಣದಲ್ಲಿ, ನಿರ್ಲಕ್ಷ್ಯ ಸಾಬೀತಾಗದಿದ್ದರೂ ಮಾಲೀಕರೇ ಹೊಣೆಗಾರರೆಂದು ಇಂಗ್ಲೆಂಡಿನಲ್ಲಿ 1868ರಲ್ಲಿ ತೀರ್ಪಾಯಿತು. ಮದರಾಸು ಪ್ರಾಂತ್ಯದ ಜಮೀನ್ದಾರರೊಬ್ಬರ ಕೆರೆಗಳು ಒಡೆದು ರೈಲುಮಾರ್ಗ ಹಾನಿಗೊಂಡಾಗ, 1874ರಲ್ಲಿ ಪ್ರಿವಿ ಕೌನ್ಸಿಲ್ ಅವರನ್ನು ಹೊಣೆಯಿಂದ ಬಿಡುಗಡೆ ಮಾಡಿತು. ಕಾರಣ, ಅವು ಜನರ ಬೇಸಾಯಕ್ಕಾಗಿ ಕಾಪಾಡಲೇಬೇಕಾದ ಪುರಾತನ ಕೆರೆಗಳಾಗಿದ್ದವು. ವಿಹಾರ ಕೊಳಕ್ಕೆ ಇಂತಹ ರಕ್ಷಣೆಯನ್ನು ನಿರೀಕ್ಷಿಸಲಾಗದು.

3. ಸುರಕ್ಷತಾ ಕ್ರಮಗಳು

• ಮುರಕಲ್ಲಿನ ಕೆಳಗಿರುವ ಶೇಡಿ ಮಣ್ಣು ನೀರು ಕುಡಿದಾಗ ಸುಲಭವಾಗಿ ಕೊಚ್ಚಿಹೋಗುತ್ತದೆ. ಇದನ್ನು ಒಡ್ಡಿಗೆ ಬಳಸಬಾರದು. ಅಡಿಪಾಯದಲ್ಲಿ ಕಂಡುಬಂದಲ್ಲಿ ಇಂಜಿನಿಯರರ ಸಲಹೆ ಪಡೆಯತಕ್ಕದ್ದು.
• ಮಣ್ಣನ್ನು ತೆಳುವಾದ ಪದರಗಳಲ್ಲಿ ಹಾಕಿ, ಹದವಾಗಿ ನೀರುಣಿಸಿ ದಮ್ಮಸ್ಸು ಮಾಡಬೇಕು.
• ನೀರು ಒಡ್ಡಿನ ಮೇಲೆ ಹರಿಯುವುದೇ ಒಡೆಯಲು ಮುಖ್ಯ ಕಾರಣ. ಸಾಕಷ್ಟು ಅಗಲದ ಕೋಡಿಯನ್ನು ಗಟ್ಟಿ ನೆಲದಲ್ಲಿ ನಿರ್ಮಿಸಿ, ಮೇ ತಿಂಗಳಲ್ಲೇ ಕಸಕಡ್ಡಿ ತೆರವುಗೊಳಿಸಬೇಕು. ಮೀನು ಹೋಗದಂತೆ ಕೋಡಿಗೆ ಬಲೆ ಕಟ್ಟಬಾರದು.
• ಒಡ್ಡಿನ ಮೇಲೆ ತೆಂಗು ಅಥವಾ ಇತರ ಮರ ಬೆಳೆಸಬಾರದು; ಹುಲ್ಲು ಬೆಳೆಸಬಹುದು. ಹೆಗ್ಗಣ ಮತ್ತು ಏಡಿಯ ಬಿಲಗಳನ್ನು ಮುಚ್ಚಬೇಕು.
• ಒಡ್ಡಿನ ಬುಡದಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಗಮನಿಸುತ್ತಿರಬೇಕು. ಕೆಂಪಾಗಿ ಅಥವಾ ಬಗ್ಗಡವಾಗಿ ಬಂದಲ್ಲಿ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಕೂಡಲೇ ಕೆಳಭಾಗದ ಮನೆಯವರನ್ನು ಎಚ್ಚರಿಸಿ, ತೂಬಿನ ಮೂಲಕ ನೀರಿನ ಮಟ್ಟವನ್ನು ನಿಧಾನವಾಗಿ ಇಳಿಸತಕ್ಕದ್ದು.

ಬೆಳ್ತಂಗಡಿ ತಾಲ್ಲೂಕಿನಲ್ಲಿ 2019ರ ಆಗಸ್ಟ್ ತಿಂಗಳ ಭೂಕುಸಿತ ಮತ್ತು ಪ್ರವಾಹಗಳನ್ನು ಕಂಡಿರುವ ಸಾರ್ವಜನಿಕರು ಘಟ್ಟದ ತಪ್ಪಲಿನ ಇಳಿಜಾರುಗಳಲ್ಲಿ ಹೊಸ ಒಡ್ಡು ಹಾಕುವ ಮುನ್ನ ವಿಶೇಷವಾಗಿ ಯೋಚಿಸುವುದು ಒಳಿತು.

4. ಅರ್ಜಿದಾರರು ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಪಹಣಿ ಪತ್ರಿಕೆ, ಸರ್ವೆ ನಕ್ಷೆ, ಒಡ್ಡಿನ ಎತ್ತರ ಮತ್ತು ಕೋಡಿಯ ಅಳತೆ ತೋರಿಸುವ ನಕ್ಷೆ, ಹಾಗೂ ಕೆಳಭಾಗದಲ್ಲಿರುವ ಮನೆ, ರಸ್ತೆಗಳ ವಿವರ. ಜಮೀನು ಖರೀದಿಸುವವರು ಕೊಳವು ಪಟ್ಟಾ ಗಡಿಯೊಳಗಿದೆಯೇ ಎಂಬುದನ್ನು ಅಳತೆ ಮಾಡಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

ಹೆಚ್ಚಿನ ಮಾಹಿತಿಗೆ ಸಂಬಂಧಿಸಿದ ತಾಲ್ಲೂಕು ಕಚೇರಿ ಅಥವಾ ಸಣ್ಣ ನೀರಾವರಿ ಇಲಾಖೆಯನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ ದೂರವಾಣಿ: 1077 ಅಥವಾ 112.